ಬೇಗಂ ನಿಂತ ಜಾಗ

ಎ.ಎಸ್.ಐ. ಬಾಯವ್ವ ದಬ್ಬಣಕ್ಕೆ ದಾರ ಪೋಣಿಸಿಕೊಂಡು ಹಳೆಯ ಕೇಸಿನ ಕಾಗದಗಳನ್ನು ಹೊಲಿಯುತ್ತ ಕೂತಿದ್ದಳು. ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟು ಕಟ್ಟು ಹೊಲಿದಿದ್ದಳೋ, ಅಷ್ಟು ರವಿಕೆ ಹೊಲಿದಿದ್ದರೆ ಸವದತ್ತಿ ಪೇಟೆಯಲ್ಲಿ ಒಂದು ಅಂಗಡಿಯನ್ನೇ ಇಡಬಹುದಿತ್ತು. ಅರ್ಧ ಹೊಲಿಗೆಯಲ್ಲಿದ್ದಾಗ ಮಲ್ಲಿಕಾರ್ಜುನ ಠಾಣೆಯ ಮೆಟ್ಟಿಲು ಹತ್ತಿದ. 2025ರ ನವೆಂಬರ್ 13, ಗುರುವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ.

"ನನ್ನ ಕುದರಿ ಕಳವಾಗೇತ್ರಿ."

ಪಿ.ಎಸ್.ಐ. ಗೌರೀಶ ತಲೆ ಎತ್ತಿದರು. "ಎಂಥಾ ಕುದರಿ?"

"ಸಾದಾ ಕುದರಿ ಅಲ್ರಿ ಸಾಹೇಬ್ರ. ಬ್ಯಾಡಗಿ ಬೇಗಂ! ಪುಣೆ, ಬೆಂಗಳೂರು, ಮೈಸೂರು, ಎಲ್ಲಾ ಕಡೆ ಓಡಿ ಹನ್ನೆರಡು ಸಲ ಗೆದ್ದಾಕಿ. ಮೈ ಬಣ್ಣ ಒಣಮೆಣಸಿನಕಾಯಿಗತೆ ಕೆಂಪ. ಇಪ್ಪತ್ಮೂರಕ್ಕ ಬೈಲಹೊಂಗಲ ಕಡೆ ಗಾಡಿ ಓಟ ಐತ್ರಿ, ಎಂಟು ಕಿಲೋಮೀಟರ್. ಅದಕ್ಕ ತಯಾರ ಮಾಡಾಕ ಹತ್ತಿದ್ದೆ."

"ಯಾರ ಮ್ಯಾಲ ಅನುಮಾನ?"

"ರಾಮದುರ್ಗ ಕಡೆ ಗಾಡಿ ಕಟ್ಟೋ ಮಂದಿರಿ. ಬೇಗಂ ಬಂದ್ಲಂದ್ರ ಅವರ ಆಟ ಮುಗೀತು."

"ಲಾಯದಾಗ ಆಳು ಯಾರಿದ್ರು?"

"ಯಾಕೂಬಸಾಬ ಅಂತ ಮುದುಕ. ಕುದರಿ ಜೋಡಿನ ಪುಣೆದಿಂದ ಬಂದಂವ. ಗಾಡಿ ಕಟ್ಟಬ್ಯಾಡ್ರಿ ಅಂತ ದಿನಾ ಕಿರಿಕಿರಿ. ಹದಿನೈದು ದಿನದ ಹಿಂದ ಬಿಡಿಸಿ ಕಳಿಸೇನಿ. ಅವನ ಕೈಲಿ ಏನಾಗತೈತ್ರಿ? ನಿಂತ್ರ ಮೊಣಕಾಲ ನಡಗತಾವು."

ಭಾರತೀಯ ನ್ಯಾಯ ಸಂಹಿತೆ ಕಲಂ 303(2)ರ ಅಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಒಂದೂವರೆಗೆ ಆಳುಗಳು ಉಣ್ಣಲು ಕೂತಾಗ ಲಾಯದ ಬಾಗಿಲು ಮುಚ್ಚಿತ್ತು, ಎರಡು ಗಂಟೆಗೆ ತೆರೆದಿತ್ತು. ಇಷ್ಟೇ ಗೊತ್ತಿದ್ದದ್ದು.

ಐದು ಗಂಟೆಗೆ ಮುನವಳ್ಳಿ ರಸ್ತೆಯ ಮಲ್ಲಿಕಾರ್ಜುನನ ತೋಟದಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ಲಾಯದ ಹಿಂದಿನ ಗೇಟು ಕಾಲುವೆ ದಂಡೆಯ ಮಣ್ಣಿನ ಹಾದಿಗೆ ತೆರೆಯುತ್ತಿತ್ತು. ಹಾದಿ ಗೆರೆ ಎಳೆದ ಹಾಗೆ ನೆಟ್ಟಗೆ. ಕಾಲುವೆ ಜಿನುಗಿ ಮಣ್ಣು ಹಸಿಯಾಗಿತ್ತು; ಗೊರಸಿನ ಗುರುತುಗಳು ಅಚ್ಚು ಒತ್ತಿದಂತೆ ಮೂಡಿದ್ದವು.

"ಗೇಟಿನಿಂದನ ನಾಗಾಲೋಟ ಕಿತ್ತೇತ್ರಿ," ಎಂದ ಕಾನ್‌ಸ್ಟೇಬಲ್ ರಾಯಪ್ಪ. "ಕಳ್ಳನ ಕೈ ತಪ್ಪಿಸಿಕೊಂಡೈತಿ."

ಪಕ್ಕದಲ್ಲೇ ಚಪ್ಪಲಿಯ ಗುರುತು ಸಾಗಿತ್ತು. ಬಾಯವ್ವ ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ಅದನ್ನೇ ನೋಡುತ್ತ ಸ್ವಲ್ಪ ದೂರ ಹೋದಳು. ಹೆಜ್ಜೆಗೂ ಹೆಜ್ಜೆಗೂ ಒಂದೇ ಅಂತರ, ಸಣ್ಣ ಅಂತರ. ಹಿಮ್ಮಡಿಯೂ ಉಂಗುಟವೂ ಒಂದೇ ಸಮ ಊರಿದ್ದವು.

"ಸಾಹೇಬ್ರ, ಇವ ಓಡಿಲ್ಲ."

"ಅಂದ್ರ?"

"ಕದ್ದ ಕುದರಿ ಕೈ ತಪ್ಪಿಸಿಕೊಂಡು ಓಡಾಕ ಹತ್ತಿದ್ರ ಕಳ್ಳ ಎದ್ದುಬಿದ್ದು ಬೆನ್ನ ಹತ್ತತಾನ. ಇವ ಸಂತಿಗೆ ಹೋದಂಗ ನಡದಾನ. ಎಲ್ಲಿ ನಿಲ್ಲತೈತಿ ಅಂತ ಇವಗ ಗೊತ್ತಿತ್ತು."

ಗೌರೀಶ ಹಾದಿಯ ಕೊನೆಯವರೆಗೆ ಕಣ್ಣು ಹಾಯಿಸಿದರು. "ರಾಯಪ್ಪಾ, ಟೇಪ್ ಹಿಡಿ."

ಮೂವತ್ತು ಮೀಟರಿನ ಟೇಪು. ಹತ್ತು ಸಲ ಎಳೆಯುವಷ್ಟರಲ್ಲಿ ರಾಯಪ್ಪನ ಅಂಗಿ ಬೆನ್ನಿಗೆ ಅಂಟಿತು. "ಬಾಯವ್ವಾರ, ಇದೇನ ಹೊಲ ಮೋಜಣಿ ನಡಸೀರೇನ್ರಿ?" ಎಂದು ಗೊಣಗಿದ. ನಲವತ್ತನೆಯ ಸಲಕ್ಕೆ ಗುರುತುಗಳು ಒಮ್ಮೆಲೆ ಒತ್ತಾದವು. ಅಲ್ಲಿ ಗೇಟಿಲ್ಲ, ಬೇಲಿಯಿಲ್ಲ, ಒಂದು ಜಾಲಿ ಗಿಡ ಸಹಿತ ಇಲ್ಲ. ಕುದುರೆ ತನ್ನಷ್ಟಕ್ಕೆ ತಾನೇ ನಿಂತಿತ್ತು. ಎಡ ಮುಂಗಾಲಿನ ಗೊರಸು ಅರ್ಧವೇ ಊರಿತ್ತು. ಮುಂದಕ್ಕೆ ಎಳೆದ ಗೀರೂ ಇತ್ತು. ಚೂರು ಬೆಲ್ಲ ಬಿದ್ದು ಇರುವೆ ಮುತ್ತಿದ್ದವು. ಆಚೆಗೆ ಟೆಂಪೋ ಗಾಲಿಯ ಗುರುತು.

1,200 ಮೀಟರ್ ಎಂದು ಪಂಚನಾಮೆಯಲ್ಲಿ ಬರೆಯುವಾಗ ಬಾಯವ್ವನಿಗೆ ಆ ಅರ್ಧ ಗೊರಸೇ ಕಣ್ಣಿಗೆ ಕಟ್ಟಿತ್ತು. ಈ ಕಾಲಿನ ಮೇಲೆ ಎಂಟು ಕಿಲೋಮೀಟರ್, ಹಿಂದೆ ಗಾಡಿ ಬೇರೆ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬಾಯವ್ವ ಸಾದಾ ಸೀರೆಯುಟ್ಟು ಸವದತ್ತಿಯಲ್ಲಿದ್ದ ಯಾಕೂಬಸಾಬನ ಮನೆಗೆ ಹೋದಳು. ಅವನ ಹೆಂಡತಿ ಜೈಬುನ್ನಿಸಾ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಬರ್ರಿ ಅವ್ವಾ, ಕುಂದರ್ರಿ. ಅವರು ಹುಬ್ಬಳ್ಳಿಗೆ ಹೋಗ್ಯಾರ."

ಗೋಡೆಯ ಮೇಲೆ ಒಂದೇ ಒಂದು ಫೋಟೋ. ಹಾರ ಹಾಕಿದ ಕೆಂಪು ಕುದುರೆ, ಲಗಾಮು ಹಿಡಿದು ನಗುವ ಯಾಕೂಬಸಾಬ, ಪಕ್ಕದಲ್ಲಿ ಬಿಳಿ ಸೀರೆಯ ಹಿರಿಯ ಹೆಂಗಸು.

"ಇದ ಏನ ಬೇಗಂ? ಚೆಲುವಿ ಅದಾಳ."

"ನಾಕು ವರ್ಷ ಆಕೀನ ನಮ್ಮವರ ಹಿರೇ ಹೆಂಡ್ತಿರಿ, ನಾ ಕಿರೇಕಿ," ಜೈಬುನ್ನಿಸಾ ನಕ್ಕಳು. "ನನಗೊಂದು ಸೀರಿ ತಂದವರಲ್ಲ. ಆಕಿಗೆ ಮಾತ್ರ ಸೇಬು, ಬೆಲ್ಲ!"

"ಭಾಳ ದೂರ ಓಡತಿದ್ಲೇನ ಅಕ್ಕಾ?"

"ದೂರ ಎಲ್ಲೀದು! ಹನ್ನೆರಡನೂರು ಮೀಟರ. ಕಣ್ಣ ಮುಚ್ಚಿ ತೆರಿಯೋದ್ರಾಗ ಮುಗದಿರತಿತ್ತು. ಒಂದ ಸಲ ಹದಿನಾಕನೂರಕ್ಕ ಬಿಟ್ಟಿದ್ರು. ಹನ್ನೆರಡನೂರು ಆತು, ಕಿವಿ ಹಿಂದ ಮಾಡಿ ನಿಧಾನ ಆಗೇಬಿಟ್ಲು. ಮ್ಯಾಲ ಕುಂತಂವ ಎಷ್ಟ ಬಡದ್ರೂ..."

ಬಾಯವ್ವನ ಮುಖ ನೋಡಿ ಜೈಬುನ್ನಿಸಾಳ ಕೈ ರೊಟ್ಟಿಯ ಮೇಲೇ ನಿಂತಿತು. ತವೆಯ ಮೇಲಿದ್ದದ್ದು ಹೊತ್ತತೊಡಗಿತು. ಯಾರೂ ತೆಗೆಯಲಿಲ್ಲ.

"ಅವರಿಗೆ ಹೊಡಿಬ್ಯಾಡ್ರಿ ಅವ್ವಾ," ಎಂದಳು ಕಡೆಗೆ.

"ಯಾರೂ ಹೊಡಿಯಾಂಗಿಲ್ಲ. ಟೆಂಪೋ ಯಾರದು?"

"ನಮ್ಮ ತಂಗಿ ಮಗಂದು. ಫೈಜಾನಂದು."

ಒಂಬತ್ತೂಮುಕ್ಕಾಲಕ್ಕೆ ಮುನವಳ್ಳಿಯ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಫೈಜಾನನ ಟೆಂಪೋ ಸಿಕ್ಕಿತು: ಹಿಂದಿನ ದಿನ ಮಧ್ಯಾಹ್ನ ಎರಡು ಮೂವತ್ತೈದು, ಹಿಂದೆ ಗೋಣಿತಟ್ಟಿನ ಮರೆ. ಫೋನಿನಲ್ಲಿ ಫೈಜಾನ ಮೊದಲು ಜೋಳ ಸಾಗಿಸಿದೆ ಎಂದ. "ಜೋಳ ಬೆಲ್ಲ ತಿಂತೈತೇನಪಾ?" ಎಂದು ಗೌರೀಶ ಕೇಳಿದ ಮೇಲೆ ಇದ್ದದ್ದನ್ನು ಹೇಳಿದ.

ಹನ್ನೊಂದು ಇಪ್ಪತ್ತಕ್ಕೆ ಜೀಪು ರಾಮದುರ್ಗದ ಹೊರಗೆ ಮಲಪ್ರಭೆಯ ದಂಡೆಯಲ್ಲಿ ನಿಂತಿತು. ಹರಿಯುವ ನೀರಿನಲ್ಲಿ ಮೊಣಕಾಲ ಮಟ ಇಳಿದು ಕೆಂಪು ಕುದುರೆ ನಿಂತಿತ್ತು. ಪಕ್ಕದಲ್ಲಿ ಮುದುಕ, ಎರಡೂ ಕೈ ನೀರಿನೊಳಗೆ. ಕುದುರೆಯ ಎಡಗಾಲನ್ನು ಮೆಲ್ಲಗೆ ನೀವುತ್ತಿದ್ದ. ಖಾಕಿ ಕಂಡರೂ ಓಡಲಿಲ್ಲ.

"ಸಾಹೇಬ್ರ, ಇನ್ನ ಹತ್ತ ಮಿನಿಟು ಕೊಡ್ರಿ. ನಡಸಿಕೊಂಡ ಬಂದ್ರ ಆಳು ಎದ್ದ ಬರತಿದ್ರು, ಅದಕ್ಕ ಓಡಾಕ ಬಿಟ್ಟೆ. ನಿನ್ನಿ ಓಡಿ ಕಾಲು ಕೆಂಡ ಆಗಿತ್ತು. ಈಗ ತಣ್ಣಗಾಗಾಕ ಹತ್ತೇತಿ."

ಗೌರೀಶ ಗಡಿಯಾರ ನೋಡಿಕೊಂಡು ಕಲ್ಲಿನ ಮೇಲೆ ಕೂತರು. ದಸ್ತಗಿರಿಯ ವೇಳೆ ಹನ್ನೊಂದು ಮೂವತ್ತೈದು ಎಂದು ದಾಖಲಾಗಿದೆ.

ಅಂಗಶೋಧನೆಯಲ್ಲಿ ಸಿಕ್ಕದ್ದು ಒಂದು ಮೊಬೈಲು, ಕಾಗದದ ಪೊಟ್ಟಣದಲ್ಲಿ ಬೆಲ್ಲ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಎರಡು ವಸ್ತು. ಒಂದು, ದಾನಪತ್ರದ ಜೆರಾಕ್ಸು: ಪುಣೆಯ ಒಡತಿ ಕುದುರೆಯನ್ನು ಮಲ್ಲಿಕಾರ್ಜುನನಿಗೆ ಪುಕ್ಕಟೆ ಕೊಟ್ಟಿದ್ದಾಳೆ, ಓಟಕ್ಕೆ ಬಿಡಬಾರದು, ಗಾಡಿಗೆ ಕಟ್ಟಬಾರದು, ಮೀರಿದರೆ ಆಕೆ ವಾಪಸು ಪಡೆಯಬಹುದು. ಇನ್ನೊಂದು, ವಿಳಾಸ ಬರೆದ ಲಕೋಟೆ. ಮಡಿಕೆಗಳು ಸವೆದು ಬಟ್ಟೆಯಂತಾಗಿದ್ದವು.

ಎರಡೂವರೆಗೆ ಸವದತ್ತಿ ಠಾಣೆಗೆ ಬಂದಾಗ ಮಲ್ಲಿಕಾರ್ಜುನ ವಕೀಲರೊಂದಿಗೆ ಕಾದಿದ್ದ. ಪಶುವೈದ್ಯರು ಬರೆದುಕೊಟ್ಟರು: ಮುಂಗಾಲಿನ ನರ ಹಿಂದೆಯೇ ಹರಿದದ್ದು, ಮತ್ತೆ ಬಾತಿದೆ, ಓಡಿಸಿದರೆ ಕಾಲು ಹೋಗುತ್ತದೆ.

"ಬಟ್ಟಿ ಸುತ್ತಿದ್ರ ಓಡತೈತಿ," ಎಂದ ಮಲ್ಲಿಕಾರ್ಜುನ. "ಕುದರಿ ನಂದು. ಇಪ್ಪತ್ತಕ್ಕ ಕೋರ್ಟಿನ್ಯಾಗ ಬಿಡಿಸಿಕೊಂತೇನಿ, ಇಪ್ಪತ್ಮೂರಕ್ಕ ಓಡಸ್ತೇನಿ."

ಅವನು ಹೋದ ಮೇಲೆ ಗೌರೀಶ ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಕಳವಿನ ಮಾಲು ಫಿರ್ಯಾದಿಗೆ ಹೋಗತೈತಿ ಬಾಯವ್ವಾರ. ಡಾಕ್ಟರ ವರದಿ ನಾ ಕೊಡತೇನಿ. ಆದ್ರ ವಾಪಸ್ ಕೊಡ್ರಿ ಅಂತ ಕೇಳೋ ಹಕ್ಕ ಆ ಪುಣೆ ಬಾಯಾರಿಗೆ ಅಷ್ಟ ಐತಿ. ಪತ್ರದಾಗಿನ ಫೋನ್ ನಂಬರ ಬಂದ್ ಆಗೇತಿ."

ಬಾಯವ್ವ ಚಹಾದ ಲೋಟ ಹಿಡಿದು ಯಾಕೂಬಸಾಬನ ಎದುರಿಗೆ ಕೂತಳು.

"ಈ ಲಕೋಟ್ಯಾಗಿನ ಕಾಗದ ಯಾರ ಬರದದ್ದು?"

"ನನ್ನ ಮಗಳು ನಾಜಿಯಾರಿ. ಜೂನದಾಗ. ಪುಣೆ ಬಾಯಿಸಾಹೇಬ್ರ ತವರು ಧಾರವಾಡ, ಕನ್ನಡ ಓದತಾರ. ಕುದರಿ ಗಾಡಿಗೆ ಕಟ್ಟಾಕ ಹತ್ಯಾರ, ಬಂದ ಕರಕೊಂಡ ಹೋಗ್ರಿ ಅಂತ ಬರಸೇನಿ."

"ಐದು ತಿಂಗಳಾತು. ಮತ್ಯಾಕ ಹಾಕಲಿಲ್ಲ?"

"ಅರ್ಧಾ ಐತ್ರಿ ಅದು."

ಬಾಯವ್ವ ಲೋಟವನ್ನು ಅವನ ಕೈಗಿಟ್ಟಳು.

"ಹನ್ನೊಂದು ಗೆದ್ದಿದ್ಲು. ಇನ್ನೊಂದ ಗೆಲ್ಲಲಿ ಯಾಕೂಬ, ಆಮ್ಯಾಲ ಬೇಗಂನ ನನ್ನ ತೋಟದಾಗ ಬಿಡೂಣು, ನೀನೂ ಅಲ್ಲೇ ಇರು ಅಂದ್ರು ಬಾಯಿಸಾಹೇಬ್ರು. ಓಟದ ದಿನ ಮುಂಜಾನೆ ಕಾಲು ಮುಟ್ಟಿದೆ. ಬಿಸಿ ಇತ್ತು. ಹೇಳಿದ್ರ ಓಟ ತಪ್ಪತಿತ್ತು. ಡಾಕ್ಟರ ಬರೋದ್ರಾಗ ತಣ್ಣೀರಾಗ ನಿಲ್ಲಿಸಿ, ತಣ್ಣೀರ ಪಟ್ಟಿ ಸುತ್ತಿ ಬಿಸಿ ಇಳಿಸಿಬಿಟ್ಟೆ. ಸಾವಿರ ಮೀಟರಿಗೆ ನರ ಹರೀತು. ಉಳದ ಇನ್ನೂರು ಮೀಟರ ಮೂರ ಕಾಲಮ್ಯಾಲ ಓಡಿ ಗೆದ್ದಳ್ರಿ ಅವ್ವಾ. ಆಕಿಗೆ ನಿಲ್ಲೂದು ಗೊತ್ತಿದ್ದದ್ದು ಅಲ್ಲೇ ಅಷ್ಟ."

ಅವನು ಮುಖ ಒರೆಸಿಕೊಳ್ಳಲಿಲ್ಲ. "ಸಣ್ಣ ಉಳುಕು ಅಂತ ಸುಳ್ಳ ಹೇಳಿದೆ. ತೋಟದಾಗ ಸುಮ್ಮ ನಿಲ್ಲೂದು ಬ್ಯಾಡ, ಹಗುರ ಸವಾರಿಗೆ ನಡೀತೈತಿ ಅಂತ ತಿಳದು ಅವರು ಈ ಮಲ್ಲಿಕಾರ್ಜುನಗ ಕೊಟ್ರು. ಖರೇ ಹೇಳಿದ್ರ ಯಾರಿಗೂ ಕೊಡತಿದ್ದಿಲ್ಲ. ಅದನ್ನ ಬರೀದ ಕಾಗದ ಹ್ಯಾಂಗ ಹಾಕಲಿ? ಬರದರ ಯಾವ ಮಾರಿ ತಗೊಂಡ ಅವರ ಮುಂದ ನಿಲ್ಲಲಿ? ಅದಕ್ಕ ಕದ್ದೆ."

ಬಾಯವ್ವ ಗೌರೀಶರ ಕಡೆ ನೋಡಿದಳು. ಅವರು ಜಪ್ತಿ ಪಟ್ಟಿಯನ್ನೂ ಪೆನ್ನನ್ನೂ ಅವಳ ಕಡೆ ಚಾಚಿದರು.

"ದಾನಪತ್ರ ಬರಕೋರಿ. ಈ ಕಾಗದಕ್ಕೂ ಕಳವಿಗೂ ಸಂಬಂಧ ಇಲ್ಲ," ಎಂದು ಲಕೋಟೆಯನ್ನು ಮುದುಕನ ಮುಂದಕ್ಕೆ ಸರಿಸಿದರು.

"ಇದನ್ನ ಬರದ್ರ ಕುದರಿ ಚಾಕರಿ ಮತ್ತ ಯಾರೂ ಕೊಡಾಂಗಿಲ್ಲ ನಿಮಗ," ಬಾಯವ್ವ ಎಚ್ಚರಿಸಿದಳು.

"ಗೊತ್ತೈತಿ. ಬರೀರಿ ಅವ್ವಾ. ನನಗ ಸಹಿ ಅಷ್ಟ ಬರತೈತಿ."

ನಾಜಿಯಾಳ ಗುಂಡು ಅಕ್ಷರಗಳ ಕೆಳಗೆ ಬಾಯವ್ವ ಅವನು ಹೇಳಿದಷ್ಟೇ ಬರೆದಳು: ಆ ದಿನ ಮುಂಜಾನೆ ಕಾಲು ಬಿಸಿ ಇತ್ತು, ನನಗೆ ಗೊತ್ತಿತ್ತು, ನಾನು ಮುಚ್ಚಿಟ್ಟೆ, ನನ್ನನ್ನು ಕ್ಷಮಿಸಬೇಡಿ, ಇಪ್ಪತ್ತನೇ ತಾರೀಖಿನೊಳಗೆ ಬನ್ನಿ. ಯಾಕೂಬಸಾಬ ಸೊಟ್ಟಸೊಟ್ಟಾಗಿ ಸಹಿ ಹಾಕಿದ.

ಬಾಯವ್ವ ಅಂಚೆ ಕಚೇರಿಯ ಕಿಟಕಿ ಮುಟ್ಟಿದಾಗ ನಾಲ್ಕಕ್ಕೆ ಐದು ನಿಮಿಷವಿತ್ತು. ನೌಕರ ಲಕೋಟೆಯನ್ನು ತಿರುವಿ ತಿರುವಿ ನೋಡಿದ.

"ಇದೇನ್ರಿ ಮೇಡಂ, ಇಷ್ಟ ಸವದೈತಿ! ಹಾದ್ಯಾಗ ಹರದೀತು."

"ಮ್ಯಾಲ ಇನ್ನೊಂದ ಲಕೋಟಿ ಹಾಕ್ರಿ. ಸ್ಪೀಡ್ ಪೋಸ್ಟ್. ಯಾವಾಗ ಮುಟ್ಟತೈತಿ?"

"ಮಂಗಳವಾರ. ತಪ್ಪಿದ್ರ ಬುಧವಾರ."

ಗುರುವಾರ ಇಪ್ಪತ್ತು. ಬಾಯವ್ವ ಬೆರಳು ಮಡಿಚಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ನೌಕರ ಹೊಸ ಲಕೋಟೆಗೆ ಅಂಟು ಸವರಿ, ಮುದ್ರೆ ಕುಟ್ಟಿ, ಹಿಂದೆ ಬಾಯಿ ತೆರೆದಿದ್ದ ಚೀಲಕ್ಕೆ ಅದನ್ನು ಎಸೆದ. ಚೀಲದ ಬಾಯಿಗೆ ದಾರ ಬಿಗಿಯುವವರೆಗೂ ಅವಳು ಕಿಟಕಿ ಬಿಟ್ಟು ಕದಲಲಿಲ್ಲ.