ಬಲಗಾಲಿನ ಜೊತೆ ಬಲಗೈ

"ಬಲಗಾಲೂ ಮುಂದೆ, ಬಲಗೈಯೂ ಮುಂದೆ. ಇವಳು ಓಡ್ತಿಲ್ಲ ಕಣ್ರೋ, ಬೀಳ್ತಿದ್ದಾಳೆ."

ಮೈದಾನದ ಗೋಡೆಯ ಮೇಲೆ ಬರೆದಿದ್ದ ಹುಡುಗಿಯನ್ನು ತೋರಿಸಿ ಕ್ಲಾಸ್ ಲೀಡರ್ ಹೀಗೆ ಅಂದದ್ದೇ ತಡ, ಅಲ್ಲಿ ನಿಂತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಚಿತ್ರದಲ್ಲಿದ್ದಂತೆಯೇ ಎರಡು ಹೆಜ್ಜೆ ಓಡಿ, ಬೇಕೆಂದೇ ದೊಪ್ಪನೆ ಬಿದ್ದ. ಮಿಂಚುಳ್ಳಿ ಮಾತ್ರ ನಗಲಿಲ್ಲ. ಆ ಚಿತ್ರ ಬರೆದವಳು ಅವಳ ಚಿಕ್ಕಮ್ಮ.

ಮಿಂಚುಳ್ಳಿ ಅನ್ನುವ ಹೆಸರಿಟ್ಟವಳೂ ಚಿಕ್ಕಮ್ಮನೇ. ಈ ಹುಡುಗಿಗೆ ನಡೆಯುವುದೇ ಗೊತ್ತಿಲ್ಲ. ಹಾಲು ತರಲು ಕಳಿಸಿದರೂ ಓಟವೇ, ಅರ್ಧ ಹಾಲು ಫ್ರಾಕಿನ ಮೇಲೆ.

ಚಿಕ್ಕಮ್ಮನದು ಅಂಗಡಿಗಳಿಗೆ ಬೋರ್ಡು ಬರೆಯುವ ಕೆಲಸ. ಅವಳು ಅಕ್ಷರ ಬರೆದರೆ ಮುತ್ತು ಪೋಣಿಸಿದ ಹಾಗೆ. ಆದರೆ ಮನುಷ್ಯರನ್ನು ಬರೆಯುವ ಕೆಲಸ ಸಿಕ್ಕಿದ್ದು ಇದೇ ಮೊದಲು. ಹೆಡ್‌ಮಿಸ್ ಇಡೀ ಗೋಡೆಯನ್ನೇ ಕೊಟ್ಟು, ಓಟ ಅನ್ನುವುದು ಆಟವಾಗಿ ಬೆಳೆದ ಕತೆ ಬರೆಯಿರಿ ಎಂದಿದ್ದರು. ಎಡತುದಿಯಲ್ಲಿ ಕಾಗದದ ಚೀಲ ಹೊತ್ತು ಬರಿಗಾಲಲ್ಲಿ ಓಡುವ ಹಳೇ ಕಾಲದ ಅಂಚೆಯವನು. ಆಮೇಲೆ ಬಯಲಲ್ಲಿ ಪಂದ್ಯ ಕಟ್ಟಿ ಓಡುವವರು. ಮುಂದೆ ಸುಣ್ಣದ ಗೆರೆ ಬಂತು, ಸೀಟಿ ಬಂತು, ಸ್ಟಾಪ್‌ವಾಚ್ ಬಂತು. ಬಲತುದಿಯಲ್ಲಿ ಶೂ ಹಾಕಿಕೊಂಡ ನಾಲ್ವರು ಹುಡುಗಿಯರು. ಓಡುವ ಎಲ್ಲರಿಗೂ ಬಲಗಾಲಿನ ಜೊತೆ ಬಲಗೈಯೇ ಮುಂದೆ.

ನಾಡಿದ್ದು ಸ್ಪೋರ್ಟ್ಸ್ ಡೇ. ಎಲ್ಲರ ಅಪ್ಪ ಅಮ್ಮಂದಿರೂ ಬರುತ್ತಾರೆ, ಎಲ್ಲರೂ ನಗುತ್ತಾರೆ. ಆಮೇಲೆ ಚಿಕ್ಕಮ್ಮ ಇನ್ನೆಂದೂ ಚಿತ್ರ ಬರೆಯಲಿಕ್ಕಿಲ್ಲ. ಹಾಗಂತ ಈಗಲೇ ಹೇಳಿದರೆ ಅವಳ ಮುಖ ಬಾಡುತ್ತದೆ. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ. ಮಧ್ಯಾಹ್ನದ ಪಾಠ ಒಂದೂ ಮಿಂಚುಳ್ಳಿಯ ತಲೆಗೆ ಹೋಗಲಿಲ್ಲ.

ಸಂಜೆ ಗಂಟೆ ಹೊಡೆದ ಮೇಲೆ ಅವಳು ಚಿಕ್ಕಮ್ಮ ಹತ್ತಿ ನಿಂತಿದ್ದ ಏಣಿಯ ಬುಡಕ್ಕೆ ಬಂದು ನಿಂತಳು.

"ಚಿಕ್ಕಮ್ಮ, ಇಳಿದು ಬಾ. ನಾನು ಓಡೋದು ನೋಡು."

"ದಿನಾ ನೋಡ್ತೀನಲ್ಲೇ."

"ಮುಖ ನೋಡಬೇಡ. ಕೈ ನೋಡು."

ಅವಳು ಓಡಿದಳು. ಚಿಕ್ಕಮ್ಮನಿಗೆ ಏನೂ ಕಾಣಲಿಲ್ಲ, ಅಷ್ಟು ಜೋರು. ಎರಡನೇ ಸಲ ಮೊಣಕಾಲುದ್ದ ನೀರಿನಲ್ಲಿ ನಡೆಯುವವಳಂತೆ ನಿಧಾನವಾಗಿ ಓಡಿದಳು. ಚಿಕ್ಕಮ್ಮ ಗೋಡೆಯ ಕಡೆ ತಿರುಗಿದಳು, ಮತ್ತೆ ಹುಡುಗಿಯ ಕಡೆ ತಿರುಗಿದಳು. ಆಮೇಲೆ ಬ್ರಷ್ ಹಿಡಿದುಕೊಂಡೇ ಮೈದಾನದಲ್ಲಿ ಹತ್ತು ಹೆಜ್ಜೆ ನಡೆದು, ತನ್ನ ಕೈಯನ್ನೇ ನೋಡಿಕೊಂಡಳು.

"ನನ್ನ ಬುದ್ಧಿಗಿಷ್ಟು. ಮೂವತ್ತು ವರ್ಷದಿಂದ ಈ ಕೈ ಬೀಸ್ಕೊಂಡು ನಡೀತಿದ್ದೀನಿ, ಒಂದು ದಿನಾನೂ ನೋಡ್ಲಿಲ್ಲ."

ಅಳುತ್ತಾಳೇನೋ ಎಂದು ಮಿಂಚುಳ್ಳಿಗೆ ಭಯವಾಯಿತು. ಚಿಕ್ಕಮ್ಮ ಅಳಲಿಲ್ಲ. ಬಣ್ಣದ ಪೆಟ್ಟಿಗೆಯ ತಳದಿಂದ ಒಂದು ಫೋಟೋ ತೆಗೆದು ಕೊಟ್ಟಳು. ಅದರ ಅಂಚಿನ ತುಂಬ ಬಣ್ಣದ ಬೆರಳಚ್ಚು.

ಫೋಟೋದಲ್ಲಿ ಐದು ವರ್ಷದ ಮಿಂಚುಳ್ಳಿ ಪರೇಡ್ ಮಾಡುತ್ತಿದ್ದಳು. ಬಲಗಾಲು ಮೇಲೆ, ಬಲಗೈಯೂ ಮೇಲೆ. ಮುಖದಲ್ಲಿ ಮಾತ್ರ ರಾಜ್ಯ ಗೆದ್ದ ಜಂಬ.

"ಓಡೋ ಹುಡುಗಿ ಅಂದ್ರೆ ನಂಗೆ ನೆನಪಾಗೋದು ನೀನೊಬ್ಬಳೇ," ಎಂದಳು ಚಿಕ್ಕಮ್ಮ. "ಇದನ್ನೇ ಇಟ್ಕೊಂಡು ಎಲ್ಲರನ್ನೂ ಬರೆದೆ. ಆ ಅಂಚೆಯವನೂ ನೀನೇ. ಮೀಸೆ ಮಾತ್ರ ನಾನು ಸೇರಿಸಿದ್ದು."

ಆ ಪರೇಡ್ ಮಿಂಚುಳ್ಳಿಗೆ ಚೆನ್ನಾಗಿ ನೆನಪಿತ್ತು. ಅವತ್ತು ಎಲ್ಲರೂ ನಕ್ಕಿದ್ದರು, ಅವಳು ಮನೆಗೆ ಬಂದು ಬಾಗಿಲ ಹಿಂದೆ ಕೂತು ಅತ್ತಿದ್ದಳು. ಆ ನಗುವವರ ನಡುವೆ ಒಬ್ಬಳು ನಿಂತು ಫೋಟೋ ತೆಗೆದಿದ್ದು, ಐದು ವರ್ಷ ಅದನ್ನು ಬಣ್ಣದ ಪೆಟ್ಟಿಗೆಯಲ್ಲಿ ಕಾಪಾಡಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಚಿಕ್ಕಮ್ಮನ ಬಣ್ಣ ಮೆತ್ತಿದ ಕೈ ಹಿಡಿದುಕೊಂಡಳು.

"ನೀನು ಹೇಳಿದ್ದು ಒಳ್ಳೇದಾಯ್ತು ಮಗಳೇ. ಬೇರೆಯವರಾಗಿದ್ರೆ ನಕ್ಕು ಸುಮ್ಮನಾಗ್ತಿದ್ರು."

ಮರುದಿನ ಬೆಳಗ್ಗೆಯಿಂದಲೇ ತಿದ್ದುವ ಕೆಲಸ ಶುರುವಾಯಿತು. ಮಿಂಚುಳ್ಳಿ ಒಂದು ಕಾಲೆತ್ತಿ ಸ್ಟ್ಯಾಚ್ಯೂ ಆಗಿ ನಿಂತಳು. ಇಂಟರ್‌ವಲ್‌ನಲ್ಲಿ ಕ್ಲಾಸ್ ಲೀಡರ್ ತಲೆ ಕೆರೆದುಕೊಳ್ಳುತ್ತ ಬಂದು, ತಾನೂ ನಿಲ್ಲಲೇ ಎಂದು ಕೇಳಿದ.

"ಬೀಳೋಕೆ ಚೆನ್ನಾಗಿ ಬರುತ್ತಂತೆ," ಎಂದಳು ಚಿಕ್ಕಮ್ಮ. "ನಿಲ್ಲೋಕೆ ಬರುತ್ತಾ ನೋಡೋಣ."

ಸಂಜೆಯ ಹೊತ್ತಿಗೆ ಅಂಚೆಯವನೂ ಸರಿಯಾಗಿ ಓಡತೊಡಗಿದ. ಉಳಿದದ್ದು ಸಾಲಿನ ಕೊನೆಯ ಪುಟ್ಟ ಹುಡುಗಿ. ಚಿಕ್ಕಮ್ಮ ಬ್ರಷ್ಷನ್ನು ಬಿಳಿ ಬಣ್ಣದಲ್ಲಿ ಅದ್ದಿದಳು. ಮಿಂಚುಳ್ಳಿ ಅವಳ ಕೈ ತಡೆದಳು.

"ಇವಳು ಹೀಗೇ ಇರಲಿ."

"ನಗ್ತಾರೆ ಕಣೇ."

"ನಗಲಿ ಬಿಡು. ಇವಳು ನಾನು."

ಸ್ಪೋರ್ಟ್ಸ್ ಡೇ ಪರೇಡ್ ಆ ಗೋಡೆಯ ಮುಂದೆಯೇ ಹಾದುಹೋಯಿತು. ಕೊನೆಯ ಹುಡುಗಿಯನ್ನು ನೋಡಿ ಕೆಲವರು ನಕ್ಕರು, ಬಹಳ ಮಂದಿ ಅವಳ ಫೋಟೋ ತೆಗೆದುಕೊಂಡರು. ಮಿಂಚುಳ್ಳಿ ತಲೆಯೆತ್ತಿ ನಡೆದಳು. ಗೋಡೆಯ ತುದಿ ಬಂದಾಗ ಬಲಗಾಲಿನ ಜೊತೆ ಬಲಗೈಯನ್ನೂ ಎತ್ತಿ ಎರಡೇ ಎರಡು ಹೆಜ್ಜೆ ಹಾಕಿ, ಮತ್ತೆ ಸರಿಮಾಡಿಕೊಂಡಳು.

ಅಷ್ಟು ಜನರಲ್ಲಿ ಅದನ್ನು ಯಾರೂ ಗಮನಿಸಲಿಲ್ಲ, ಏಣಿಗೆ ಒರಗಿ ನಿಂತಿದ್ದ ಚಿಕ್ಕಮ್ಮನನ್ನು ಬಿಟ್ಟು. ಅವಳು ನೋಡೇ ನೋಡುತ್ತಾಳೆ ಎಂದು ಮಿಂಚುಳ್ಳಿಗೆ ಗೊತ್ತಿತ್ತು.