ಹಿಂದಿನ ಪೆಡಲು

“ಏಯ್ ಸಿನ್ಯೋರಾ, ಹಿಂದೆ ಕೂತಿದ್ದೋರು ಎಲ್ಲೋ ಬಿದ್ದುಹೋಗಿದಾರೆ ನೋಡ್ರೀ!”

ಇಬ್ಬರು ತುಳಿಯುವ ಜೋಡಿ ಸೈಕಲ್ಲನ್ನು ಒಬ್ಬರೇ ತುಳಿದುಕೊಂಡು ಹೋದರೆ ದಾರಿಯುದ್ದಕ್ಕೂ ಈ ಮಾತು ಕೇಳಬೇಕಾಗುತ್ತದೆ. ಆ ಬೆಳಿಗ್ಗೆ ಎಡೊಲೋದಲ್ಲಿ ಹಾಲಿನವನು ಹೇಳಿದ್ದ. ವೆಸ್ಸಾದಲ್ಲಿ ಬೆಂಚಿನ ಮೇಲಿದ್ದ ಮುದುಕರು ಹೇಳಿದ್ದರು. ಎಲ್ಲರಿಗೂ ನಕ್ಕು ಕೈ ಬೀಸಿದ್ದೆ. ಪೊಂತೆ ದಿ ಲೆನ್ಯೊದ ಕಾಫಿ ಅಂಗಡಿಯ ಮುಂದೆ ಇದನ್ನೇ ಕೂಗಿದವನಿಗೆ ಯಾಕೋ ನಗಲಾಗಲಿಲ್ಲ.

“ಗೊತ್ತು,” ಎಂದೆ. “ಎರಡು ವರ್ಷ ಆಯ್ತು.”

ಅವನ ನಗು ಮೊದಲು ಕಣ್ಣಿನಿಂದ ಹೋಯಿತು, ಆಮೇಲೆ ತುಟಿಯಿಂದ. ಕೈಯಲ್ಲಿದ್ದ ಕಾಫಿ ಲೋಟ ಬಾಯಿಗೆ ಹೋಗುವ ಅರ್ಧ ದಾರಿಯಲ್ಲೇ ನಿಂತಿತು.

“ಇವೋ, ನಿನ್ನ ಬಾಯಿಗೆ ಬೀಗ ಹಾಕೋ!” ಅಂಗಡಿಯ ಜೆರ್ಮಾನಾ ಒಳಗಿನಿಂದಲೇ ಗದರಿದಳು. “ವರ್ಷಕ್ಕೆ ಹತ್ತು ಮಾತಾಡ್ತಾನೆ, ಅದರಲ್ಲಿ ಒಂಬತ್ತು ಹೀಗೇ. ಬಾ ಮಗಳೇ, ಕೂತ್ಕೋ.”

ಕೂತೆ. ಇವೋ ಕ್ಷಮೆ ಕೇಳಲಿಲ್ಲ. ಎದ್ದು ಬಂದು ನನ್ನ ಸೈಕಲ್ಲಿನ ಪಕ್ಕ ಮಂಡಿಯೂರಿದ. ಮುಂದಿನ ಪೆಡಲನ್ನೂ ಹಿಂದಿನ ಪೆಡಲನ್ನೂ ಕಟ್ಟಿಹಾಕುವ ಚೈನು ಜೋತುಬಿದ್ದಿತ್ತು. ಅದನ್ನು ಬಿಗಿ ಮಾಡಿದ. ಆಮೇಲೆ ಮುಂದಿನ ಪೆಡಲನ್ನು ಕೈಯಿಂದ ಮೆಲ್ಲಗೆ ತಿರುಗಿಸಿದ. ಹಿಂದಿನದೂ ತಿರುಗಿತು. ಇಬ್ಬರೂ ಅದನ್ನೇ ನೋಡಿದೆವು.

“ಗಾವಿಯಾ ಘಾಟಿ ಹತ್ತುತ್ತೀರಾ? ಒಬ್ಬರೇ?”

“ಹೂಂ.”

“ಇವನನ್ನೂ ಹತ್ತಿಸ್ಕೋ,” ಎಂದಳು ಜೆರ್ಮಾನಾ. “ಮನೆ ಘಾಟಿ ಆಚೆ, ಸಾಂತಾ ಕತೆರೀನಾದಲ್ಲಿ. ಇವನ ಸೈಕಲ್ಲು ಗೇರು ಮುರಿದು ಇಲ್ಲೇ ರಿಪೇರಿಗೆ ಕೂತಿದೆ. ಘಾಟಿಗೆ ಬಸ್ಸಿಲ್ಲ. ಸ್ಕೀ ಲಿಫ್ಟ್ ರಿಪೇರಿಗೆ ಕಂಬ ಹತ್ತಿ ಹತ್ತಿ ಕಾಲು ಗಟ್ಟಿಯಾಗಿದೆ. ಕೂಲಿ ಕೇಳೋದಿಲ್ಲ, ಮಾತೂ ಆಡೋದಿಲ್ಲ.”

ಇವೋನ ಕಿವಿ ಕೆಂಪಾಯಿತು. ಬೇಡ ಎನ್ನಲು ನಾನು ಬಾಯಿ ತೆರೆದೆ. ಆಗ ರಸ್ತೆಯ ಮೇಲೆ ಬಿದ್ದಿದ್ದ ಸೈಕಲ್ಲಿನ ನೆರಳು ಕಂಡಿತು.

ಬೆಳಗಿನಿಂದ ಆ ನೆರಳು ನನ್ನ ಪಕ್ಕದಲ್ಲೇ ಬಂದಿತ್ತು. ನಾನು ತುಳಿದರೆ ಹಿಂದಿನ ಪೆಡಲುಗಳೂ ತಿರುಗಬೇಕು. ಆ ಸೈಕಲ್ ಇರುವುದೇ ಹಾಗೆ. ನೆರಳಿನಲ್ಲಿ ಅವು ಕಾಲಿಲ್ಲದೆ ತಿರುಗುತ್ತಿದ್ದವು. ಒಂದೊಂದು ಸಲ ನನಗಿಂತ ಗಟ್ಟಿಯಾಗಿ.

“ಮುಂದಿನ ಸೀಟು ನನ್ನದು,” ಎಂದೆ.

“ಹಾಗಾದ್ರೆ ನಂಗೇನು ಕಾಣುತ್ತೆ?”

“ನನ್ನ ಬೆನ್ನು.”

ಅವನು ಒಮ್ಮೆ ನೋಡಿ, ತಕ್ಷಣ ಬೆಟ್ಟದ ಕಡೆ ತಿರುಗಿದ. “ಸಾಕು,” ಎಂದ.

*

ದಮಿಯಾನೋನ ಕಣ್ಣು ಮದುವೆಗೆ ಮೊದಲೇ ಮಂದವಾಗತೊಡಗಿತ್ತು. ಅದಕ್ಕೇ ಜೋಡಿ ಸೈಕಲ್ ಕೊಂಡೆವು. ಮುಂದೆ ನಾನು, ಹಿಂದೆ ನನ್ನ ಗಂಡ. ಸ್ಪ್ಲೂಗಾ, ಬೆರ್ನಿನಾ, ಸ್ಟೆಲ್ವಿಯೋ, ಎಲ್ಲ ಘಾಟಿಗಳನ್ನೂ ಬಾಯಿಮಾತಿನಲ್ಲೇ ತೋರಿಸಿದೆ. ಎಡಗಡೆ ಹಿಮನದಿ, ನಿನ್ನ ಹಳೇ ಕಾಲುಚೀಲದ ಬಣ್ಣ. ಬಲಗಡೆ ಏನಿಲ್ಲ, ಬರೀ ಪ್ರಪಾತ. ಅವನು ಹಿಂದೆ ನಗುತ್ತಿದ್ದ. ಆ ನಗು ಪೆಡಲಿನ ಮೂಲಕ ನನ್ನ ಪಾದಕ್ಕೆ ಬರುತ್ತಿತ್ತು.

ಗಾವಿಯಾದಲ್ಲಿ, ಮೇಲಿನ ಸುರಂಗಕ್ಕೆ ಸ್ವಲ್ಪ ಮೊದಲು, ಪೆಡಲು ಇದ್ದಕ್ಕಿದ್ದಂತೆ ಭಾರವಾಯಿತು. ಅವನ ತಲೆ ನನ್ನ ಬೆನ್ನಿಗೊರಗಿತು. ಸುಸ್ತಾದಾಗ ನನ್ನನ್ನು ನಗಿಸಲು ಹಾಗೆ ಮಾಡುತ್ತಿದ್ದ.

“ಏಯ್ ಸೋಮಾರಿ, ತುಳಿ,” ಎಂದೆ.

ನಕ್ಕೆ. ಇಬ್ಬರ ಪಾಲನ್ನೂ ನಾನೇ ತುಳಿದೆ. ಅವನ ಬೂಟು ಪೆಡಲಿಗೆ ಕಚ್ಚಿಕೊಂಡಿತ್ತು; ನಾನು ತುಳಿದಷ್ಟೂ ಅವನ ಕಾಲು ತಿರುಗಿತು. ಒಂದು ತಿರುವು. ಇನ್ನೊಂದು.

ಹೃದಯ, ಎಂದರು ಡಾಕ್ಟರು. ಯಾವ ತಿರುವಿನಲ್ಲಿ ಎಂದು ನಾನು ಕೇಳಲಿಲ್ಲ.

ಈ ಸಲ ಘಾಟಿ ದಾಟಿ, ಬೋರ್ಮಿಯೋದ ಅಂಗಡಿಯೊಂದಕ್ಕೆ ಸೈಕಲ್ಲನ್ನು ಕೊಟ್ಟು, ಬಸ್ಸು ಹತ್ತುವುದೆಂದು ಹೊರಟಿದ್ದೆ. ಅರ್ಧಕ್ಕೆ ನಿಂತ ದಾರಿಯನ್ನು ಮುಗಿಸಿದರೆ ನೆರಳು ನನ್ನನ್ನು ಬಿಟ್ಟೀತು ಎಂಬ ಆಸೆ.

*

ಇವೋನ ಕಾಲಿನ ಲಯ ಬೇರೆ. ನಿಧಾನ, ಒಂದೇ ಸಮ. ಮೊದಲ ತಿರುವುಗಳಲ್ಲಿ ನನ್ನ ಕಾಲು ಜಗಳವಾಡಿತು, ಆಮೇಲೆ ಒಪ್ಪಿಕೊಂಡಿತು. ಲಾರ್ಚ್ ಮರಗಳು ಮುಗಿದವು. ರಸ್ತೆ ಕಿರಿದಾಗಿ ಬಂಡೆಗೆ ಅಂಟಿಕೊಂಡಿತು. ಆ ಎರಡು ತಿರುವುಗಳಲ್ಲಿ ನಾನು ಮುಂದಿನ ಚಕ್ರವನ್ನು ಬಿಟ್ಟು ಏನನ್ನೂ ನೋಡಲಿಲ್ಲ.

“ಎರಡು ಸಾವಿರ ಮೀಟರ್ ದಾಟಿ ಆಗಲೇ ಸುಮಾರು ಹೊತ್ತಾಯ್ತು,” ಎಂದಿತು ಹಿಂದಿನ ದನಿ. “ಇಷ್ಟು ಮೇಲೆ ನಮ್ಮಲ್ಲಿ ಯಾರೂ ‘ನೀವು’ ಅನ್ನಲ್ಲ.”

“ನೋಡೋಣ.”

“ನೋಡೋಣ ಅಂದ್ರೆ?”

“ನೋಡೋಣ ಅಂದ್ರೆ ತುಳೀರಿ.”

ಅವನು ನಕ್ಕದ್ದು ನನ್ನ ಪಾದಕ್ಕೆ ತಿಳಿಯಿತು. ನಾನು ಬೆಚ್ಚಿದೆ.

ಆಮೇಲೆ ಸುರಂಗ. ದೀಪವಿದ್ದರೂ ಇಲ್ಲದ ಹಾಗೆ. ಮೇಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಡುವೆ ಎಲ್ಲೋ ಪೆಡಲು ಭಾರವಾಯಿತು. ಬೆನ್ನಿಗೆ ಏನೋ ತಗುಲಿತು. ಗಟ್ಟಿ, ದುಂಡಗೆ. ತಲೆ.

ಹಿಂದೆ ತಿರುಗಲು ಆಗಲಿಲ್ಲ. ತಿರುಗಿದ್ದರೆ ಯಾರು ಕಾಣುತ್ತಿದ್ದರೆಂದು ನನಗೆ ಖಚಿತವಿರಲಿಲ್ಲ.

“ಮಾತಾಡು!” ಕಿರುಚಿದೆ. “ಏನಾದ್ರೂ ಮಾತಾಡು!”

“ಏನಾಯ್ತು? ಕುತ್ತಿಗೆ ಮೇಲೆ ನೀರು ಬಿತ್ತು, ತಲೆ ಬಗ್ಗಿಸಿದೆ ಅಷ್ಟೆ.”

“ನಿಲ್ಲಿಸಬೇಡ. ಮಾತಾಡು.”

ಪೆಡಲು ಮತ್ತೆ ಹಗುರಾಯಿತು.

“ನಮ್ಮಜ್ಜಿ ಹತ್ರ ಒಂದು ಕೋಳಿ ಇತ್ತು,” ಎಂದ ಇವೋ. “ಪಾದ್ರಿ ಕಂಡ್ರೆ ಅದಕ್ಕಾಗ್ತಿರಲಿಲ್ಲ. ಬೇರೆ ಯಾರು ಬಂದ್ರೂ ಸುಮ್ಮನಿರೋದು...”

ಸುರಂಗ ಮುಗಿಯಿತು, ಕೋಳಿ ಮುಗಿಯಲಿಲ್ಲ. ಕೋಳಿಯ ನಂತರ ಬಕ್‌ವೀಟ್ ಹಿಟ್ಟಿನ ಪಟ್ಟಿ ಶಾವಿಗೆ ಪಿತ್ಸೋಕೆರಿಗೆ ಎಷ್ಟು ಬೆಣ್ಣೆ ಹಾಕಬೇಕೆಂಬ ವಿಷಯ, ಅದರಲ್ಲಿ ಅವನ ಅತ್ತಿಗೆ ಮಾಡುವ ಮೋಸ. ಕಂಬದ ಮೇಲೆ ಕೂತಾಗ ಕಾಣುವ ಹದ್ದು. ಉಸಿರು ಸಿಗದೆ ಮಾತು ತುಂಡಾಗುತ್ತಿತ್ತು. ಆದರೂ ನಿಲ್ಲಿಸಲಿಲ್ಲ. ಯಾಕೆಂದು ಕೇಳಲೂ ಇಲ್ಲ. ವರ್ಷಕ್ಕೆ ಹತ್ತು ಮಾತಾಡುವವನು ಎಷ್ಟೋ ವರ್ಷಗಳ ಪಾಲನ್ನು ಅಲ್ಲಿ ಒಂದೇ ಏರಿನಲ್ಲಿ ಖರ್ಚು ಮಾಡಿದ.

*

ನೆತ್ತಿಯ ಮೇಲಿನ ಛತ್ರದಲ್ಲಿ ಅವನ ಗಂಟಲು ಕಟ್ಟಿಹೋಗಿತ್ತು. ಚಹಾ ಬೇಕೆಂದು ಕೈಸನ್ನೆಯಲ್ಲಿ ಕೇಳಿದ. ಅಲ್ಲಿ, ಕಿಟಕಿಯಾಚೆ ಬಿಳಿ ಕೆರೆಯನ್ನು ನೋಡುತ್ತಾ, ಮೊದಲು ನನ್ನ ಹೆಸರು, ಆಮೇಲೆ ದಮಿಯಾನೋನ ವಿಷಯ ಹೇಳಿದೆ. ಬೆನ್ನಿಗೊರಗಿದ ತಲೆಯದ್ದು, ಎರಡು ತಿರುವಿನದ್ದು. ಕೊನೆಗೆ ನಾನು ಅವನನ್ನು ಏನೆಂದು ಕರೆದೆ ಎಂಬುದನ್ನು ಮಾತ್ರ ಬಿಟ್ಟೆ.

ಇವೋ ಎದ್ದು ಹೋದ. ಬಾಗಿಲ ಬಳಿ ಹಳೇ ಪತ್ರಿಕೆಗಳ ರಾಶಿಯಿತ್ತು. ಇಳಿಯುವಾಗ ಎದೆಗೆ ಗಾಳಿ ತಾಗದಿರಲೆಂದು ಎಲ್ಲರೂ ಅಂಗಿಯೊಳಗೆ ತುರುಕಿಕೊಳ್ಳುತ್ತಾರೆ. ಎರಡು ಪತ್ರಿಕೆ ಎತ್ತಿಕೊಂಡು ಬಂದ.

“ಯಾವುದು ಬೇಕು?” ಒಡಕು ದನಿ. “ಕ್ರೀಡೆನೋ, ರಾಜಕೀಯನೋ?”

“ಯಾವುದು ಬಿಸಿ?”

“ರಾಜಕೀಯ.”

ಎದೆಗೊಂದು ಇಟ್ಟುಕೊಂಡೆ. ಎರಡನೆಯದನ್ನೂ ಚಾಚಿದ. “ಬೆನ್ನಿಗೆ,” ಎಂದ.

“ಬೆನ್ನಿಗೆ ಯಾರೂ ಇಟ್ಕೊಳ್ಳಲ್ಲ.”

“ನೀನು ಇಟ್ಕೋ, ನೊಯೆಮಿ.”

ಇಟ್ಟುಕೊಂಡೆ.

“ಸೋಮವಾರ ನನ್ನ ಸೈಕಲ್ ರಿಪೇರಿ ಆಗುತ್ತೆ,” ಎಂದ, ಚಹಾದ ಲೋಟಕ್ಕೆ ಹೇಳುವವನಂತೆ. “ತರೋಕೆ ಈ ಘಾಟಿ ಮತ್ತೆ ದಾಟಬೇಕು.”

“ಬಸ್ಸಿಲ್ಲ,” ಎಂದೆ.

“ಇಲ್ಲ,” ಎಂದ. ಅಷ್ಟು ಸಂತೋಷದಿಂದ ಬಸ್ಸಿಲ್ಲ ಎಂದವರನ್ನು ನಾನು ಕಂಡಿಲ್ಲ.

*

ಇಳಿಜಾರಿನಲ್ಲಿ ತುಳಿಯುವುದಿಲ್ಲ. ಪೆಡಲು ನಿಂತಿರುತ್ತದೆ, ಪಾದಕ್ಕೆ ಸುದ್ದಿ ಬರುವುದಿಲ್ಲ. ಗಾಳಿ ಮಾತನ್ನೂ ಒಯ್ಯುತ್ತದೆ. ಮೊದಲ ತಿರುವಿನಲ್ಲೇ ನನ್ನ ಬೆರಳು ಬ್ರೇಕಿನ ಮೇಲೆ ಮರಗಟ್ಟಿತು. ಹಿಂದೆ ಯಾರೂ ಇಲ್ಲ. ಅಥವಾ ದಮಿಯಾನೋ ಇದ್ದಾನೆ.

ಆಗ ಬೆನ್ನ ಮೇಲಿನ ಪತ್ರಿಕೆ ಸರಸರ ಎಂದಿತು. ಒಂದು ಅಂಗೈ. ಒತ್ತಿ, ಬಿಟ್ಟಿತು. ಮುಂದಿನ ತಿರುವಿಗೆ ಮತ್ತೆ ಸರಸರ. ಅದರ ಮುಂದಿನದಕ್ಕೂ. ಕೆಲವು ತಿರುವುಗಳಾದ ಮೇಲೆ ಸದ್ದಿಗಾಗಿ ಕಾಯತೊಡಗಿದೆ, ಹೆದರಿ ಅಲ್ಲ.

ಸಾಂತಾ ಕತೆರೀನಾದ ಮನೆಗಳು ಕಂಡವು. ರಸ್ತೆ ಮಟ್ಟವಾಯಿತು, ವೇಗ ತಗ್ಗಿತು. ಇನ್ನು ತುಳಿಯಬೇಕು. ನಾನು ತುಳಿಯಲಿಲ್ಲ. ಕಾಲನ್ನು ಸಡಿಲ ಬಿಟ್ಟೆ. ಪೆಡಲುಗಳು ತಿರುಗಿದವು, ನನ್ನ ಕಾಲನ್ನೂ ತಿರುಗಿಸುತ್ತಾ. ಹೀಗಿತ್ತೇನೋ ದಮಿಯಾನೋನಿಗೆ. ಯಾರೋ ಪ್ರೀತಿಸುವವರು ತುಳಿಯುತ್ತಾರೆ, ನಮ್ಮ ಕಾಲು ಸುಮ್ಮನೆ ಹೋಗುತ್ತಿರುತ್ತದೆ. ನೋವಿರಲಿಲ್ಲ.

“ಏಯ್ ಸೋಮಾರಿ!” ಹಿಂದಿನಿಂದ ಒಡಕು ದನಿ ಕೂಗಿತು. “ತುಳಿ!”

ರಸ್ತೆ ಕಣ್ಣೀರಿನಲ್ಲಿ ಕಲಸಿಹೋಯಿತು. ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಯಾರಾದರೂ ಉತ್ತರ ಕೊಡಲೇಬೇಕಿತ್ತು.

“ತುಳೀತಿದೀನಿ,” ಎಂದೆ, ಮತ್ತು ತುಳಿದೆ.