ಟ್ಯಾಂಕಿನ ಕೆಳಗಿನ ತಂತಿ

ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದೆ. ಎಂಜಿನ್ ತಾನಾಗಿಯೇ ಅರಚಿತು!

ಆಕ್ಸಿಲರೇಟರ್ ಬಿಟ್ಟೆ. ವೇಗ ಇಳಿಯಲಿಲ್ಲ... ಎದುರಿಗೆ ಎತ್ತಿನ ಗಾಡಿ ಅಡ್ಡ. ಹಿಂದಿನ ತಿರುವಿನಾಚೆ ಜಯದೇವಪ್ಪನ ಜೀಪು.

ಕೀ ತಿರುಗಿಸಿ ಎಂಜಿನ್ ಆರಿಸಿದೆ. ಬೈಕು ರಸ್ತೆ ಬಿಟ್ಟು ಕಬ್ಬಿನ ಗದ್ದೆಗೆ ನುಗ್ಗಿತು. ಅದರ ಕೆಳಗೆ ನಾನು. ಅಷ್ಟರಲ್ಲಿ ಎತ್ತಿನ ಗಾಡಿ ಸರಿದಿತ್ತು, ಜೀಪು ನನ್ನನ್ನು ಕಾಣದೆ ಹೊನ್ನಾಳಿ ಕಡೆ ಓಡಿತು.

ಎಪ್ಪತ್ತೊಂಬತ್ತರ ಮಾತು ಸಾರ್. ಯಾಕೆ ಬೆನ್ನು ಹತ್ತಿದ್ದರು ಅಂತೀರಾ? ನ್ಯಾಮತಿಯಲ್ಲಿ ಒಬ್ಬನಿಗೆ ಚಾಕು ಹಾಕಿದ್ದು ಸಾಹುಕಾರ ಜಯದೇವಪ್ಪನ ಮಗ. ಕೇಸು ಬಿದ್ದಿದ್ದು ನಮ್ಮ ಪಕ್ಕದ ಮನೆ ಭೀಮಕ್ಕನ ಮಗ ದಾಸಪ್ಪನ ಮೇಲೆ. ಆ ದಿನ ದಾಸಪ್ಪ ಜಗಳೂರಿನ ಲಾಡ್ಜಿನಲ್ಲಿದ್ದ. ಅವನ ಸಹಿ ಇದ್ದ ರಿಜಿಸ್ಟರ್ ನನ್ನ ಅಂಗಿಯೊಳಗಿತ್ತು. ಹನ್ನೊಂದಕ್ಕೆ ಹೊನ್ನಾಳಿ ಕೋರ್ಟಿಗೆ ಮುಟ್ಟಿಸದಿದ್ದರೆ ಅವನಿಗೆ ಜೈಲೇ ಗತಿ.

ಬೆಳಿಗ್ಗೆ ಚನ್ನಗಿರಿಯಲ್ಲಿ ಪೆಟ್ರೋಲ್ ಟ್ಯಾಂಕು ಸೋರತೊಡಗಿತ್ತು. ಮೆಕ್ಯಾನಿಕ್ ಧರ್ಮಪ್ಪನ ಶೆಡ್ಡಿಗೆ ಹೋದೆ. ಹನ್ನೆರಡು ವರ್ಷದಿಂದ ಗೆಳೆಯ. ಒಂದೇ ತಟ್ಟೆಯಲ್ಲಿ ಉಂಡವರು ನಾವು. ಬೇರೆ ಗಾಡಿಯ ಟ್ಯಾಂಕು ತಂದು ಕೂರಿಸಿದ. ಅಗಲ ಜಾಸ್ತಿ, ಹ್ಯಾಂಡಲ್ಲಿಗೆ ತಾಗುತ್ತಿತ್ತು. ರಬ್ಬರ್ ವಾಷರ್ ಇಟ್ಟು ಮುಂಭಾಗ ಎತ್ತಿದ. ಸಂದಿನಲ್ಲಿ ಎರಡು ಬೆರಳು ತೂರಿಸಿ ನೋಡಿದ.

“ಈಗ ಎಲ್ಲೂ ತಾಗಲ್ಲ, ಹೋಗು. ಯಾವ ದಾರಿ ಹಿಡೀತಿ?”

ಹೇಳಿದೆ. ಅವನಿಗೆ ಹೇಳದೆ ಇನ್ಯಾರಿಗೆ ಹೇಳಲಿ?

ಕಬ್ಬಿನ ನಡುವೆ ಕೂತು ಬೋಲ್ಟು ಬಿಚ್ಚಿ ಟ್ಯಾಂಕು ಎತ್ತಿದೆ. ಅದರ ಕೆಳಗೆ ಆಕ್ಸಿಲರೇಟರ್ ಕೇಬಲ್ಲನ್ನು ಫ್ರೇಮಿಗೆ ಬಿಗಿದು ಕಟ್ಟಿತ್ತು. ಹ್ಯಾಂಡಲ್ ಪೂರ್ತಿ ಎಡಕ್ಕೆ ಹೋದರೆ ಕೇಬಲ್ಲು ಜಗ್ಗುತ್ತದೆ, ಎಂಜಿನ್ ಏರುತ್ತದೆ. ನೇರ ರಸ್ತೆಯಲ್ಲಿ ಗೊತ್ತೇ ಆಗುವುದಿಲ್ಲ.

ಕೈತಪ್ಪು ಅಂದುಕೊಳ್ಳಬಹುದಿತ್ತು... ಆದರೆ ಕಟ್ಟಿದ್ದು ತಂತಿಯಲ್ಲಿ!

ಧರ್ಮಪ್ಪ ಕೇಬಲ್ಲಿಗೆ ಎಂದೂ ತಂತಿ ಮುಟ್ಟಿಸಿದವನಲ್ಲ. ಸೈಕಲ್ ಟ್ಯೂಬು ಕತ್ತರಿಸಿ ಸಡಿಲವಾಗಿ ಕಟ್ಟುತ್ತಿದ್ದ, ಕೇಬಲ್ಲು ಆಡಲಿ ಅಂತ. ತಂತಿ ಕಟ್ಟುವವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ.

 ಅಲ್ಲೇ ಕೂತು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ?

ತಂತಿ ಕಿತ್ತು ಜೇಬಿಗೆ ಹಾಕಿದೆ. ಹಳ್ಳಿ ದಾರಿ ಹಿಡಿದೆ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ರಿಜಿಸ್ಟರ್ ವಕೀಲರ ಕೈಗೆ ಕೊಟ್ಟೆ.

ಸಂಜೆ ಧರ್ಮಪ್ಪನ ಮುಂದೆ ತಂತಿ ಇಟ್ಟೆ.

“ಏನಪ್ಪಾ ಇದು?”

ಅವನು ಸ್ಪ್ಯಾನರ್ ಒರೆಸುತ್ತಲೇ ಇದ್ದ. “ಈ ಶೆಡ್ಡಿನ ಜಾಗ ಜಯದೇವಪ್ಪಂದು. ನಿನ್ನ ಗಾಡಿ ಬಂದ್ರೆ ಏನಾರ ಮಾಡು, ಹೋಗೋ ದಾರಿ ತಿಳಿಸು, ಇಲ್ಲಾಂದ್ರೆ ಖಾಲಿ ಮಾಡು ಅಂದ. ಕಾಲು ಮುರಿದ್ರೆ ಸಾಕು ಅಂದ.”

“ಸತ್ತಿದ್ರೆ?”

“ಸಾಯ್ಲಿ ಅಂತ ಕಟ್ಟಿಲ್ಲ ಮಾರಾಯ.”

“ಹಂಗಾದ್ರೆ ಪೊಲೀಸ್ರ ಮುಂದೂ ಹಿಂಗೇ ಹೇಳು, ನಡಿ.”

ತಲೆ ತಗ್ಗಿಸಿ ಬಂದ. ದಾಸಪ್ಪ ಹೊರಗೆ ಬಂದ, ಧರ್ಮಪ್ಪ ಒಳಗೆ ಹೋದ.

ಅವನ ವಿರುದ್ಧ ಸಾಕ್ಷಿ ಹೇಳಲು ನಾನು ಹೋಗಿದ್ದು ಬಸ್ಸಿನಲ್ಲಿ ಸಾರ್. ಗಾಡಿ ಕೆಟ್ಟಿತ್ತು... ರಿಪೇರಿಗೆ ನಾನು ನಂಬುವ ಮೆಕ್ಯಾನಿಕ್ ಅವನೊಬ್ಬನೇ!